ದೋಣಿಗಾರನ ಉಳಿದ ಆಯಸ್ಸು

ಆ ಬೆಳಗ್ಗೆ ಮಂಜು ರಸ್ತೆಗೇ ಇಳಿದು ಕೂತಿತ್ತು. ಎದುರು ಮನೆಯ ಬಾಗಿಲೂ ಕಾಣುತ್ತಿರಲಿಲ್ಲ. ನಾದಿನಿಯ ತೋಳು ಹಿಡಿದು ಮೆಟ್ಟಿಲಿಳಿದ ಅತ್ತಿಗೆ ನಕ್ಕಳು.

"ಇವತ್ತು ಎಲ್ಲರಿಗೂ ನನ್ನ ಕಣ್ಣೇ ಕೊಟ್ಟಿದ್ದಾನೆ ನೋಡು ದೇವರು. ಬಾ ಪುಟ್ಟಿ, ನಾನೇ ದಾರಿ ತೋರಿಸ್ತೀನಿ."

ಅತ್ತಿಗೆಯ ಕಣ್ಣಿಗೆ ಮಬ್ಬು ಕವಿದ ಮೇಲೆ ಹೊಲಿಗೆ ನಿಂತಿತು, ಓದೂ ನಿಂತಿತು. ಒಂದು ಹುಚ್ಚು ಮಾತ್ರ ಬಿಡಲಿಲ್ಲ. ತೇಲುವ ಕೋಟೆ, ಮಾತಾಡುವ ಹಕ್ಕಿಗಳು, ಮಂತ್ರ ಬಲ್ಲ ರಾಣಿ ಇದ್ದ ಟೀವಿ ಧಾರಾವಾಹಿಯೊಂದನ್ನು ಗಂಡಹೆಂಡಿರು ಒಟ್ಟಿಗೆ ಕೂತು ನೋಡುತ್ತಿದ್ದರು. ಅದು ಅರ್ಧಕ್ಕೇ ನಿಂತು, ಮುಂದಿನ ಕಥೆ ಕಾದಂಬರಿಗಳಾಗಿ ಬರತೊಡಗಿತು. ಅಷ್ಟರಲ್ಲಿ ಗಂಡ ತೀರಿಕೊಂಡಿದ್ದ. ಅವನ ತಂಗಿ ಪುಟ್ಟಿ ಲಾಂಡ್ರಿಯ ಕೆಲಸ ಮುಗಿಸಿ ಬಂದು, ಇಸ್ತ್ರಿಯ ಬಿಸಿ ಇನ್ನೂ ಆರದ ಕೈಯಲ್ಲೇ ಪುಟ ತಿರುವಿ ಅತ್ತಿಗೆಗೆ ಓದಿ ಹೇಳುತ್ತಿದ್ದಳು.

ಅತ್ತಿಗೆಗೆ ಪ್ರಾಣವೆಂದರೆ ಆ ಕಥೆಯ ದೋಣಿಗಾರ. ಅವನಿಗೆ ಸಿಂಹಾಸನ ಬೇಡ, ಕತ್ತಿ ಬೇಡ. ಯಾರು ಕೂಗಿದರೂ ಹೋಗಿ ದಡ ಮುಟ್ಟಿಸುವವನು. ಮೂರನೆಯ ಪುಸ್ತಕದಲ್ಲಿ ಅವನು ಮುಳುಗಿ ಸತ್ತ. ಆ ಪುಟಕ್ಕೆ ಬಂದಾಗ ಪುಟ್ಟಿಯ ನಾಲಿಗೆ ಏಳಲಿಲ್ಲ. ಮನೆಯಲ್ಲಿ ಆಗಿದ್ದ ಸಾವೇ ಇನ್ನೂ ಹಸಿಯಾಗಿತ್ತು. "ಅಷ್ಟರಲ್ಲಿ ಒಂದು ಹಲಗೆ ತೇಲಿಬಂತು," ಎಂದುಬಿಟ್ಟಳು.

ತೇಲಿಬಿಟ್ಟದ್ದು ಒಂದೇ ಹಲಗೆ. ಅದರ ಮೇಲೆ ಸಂಸಾರವನ್ನೇ ಹೂಡಬೇಕಾಯಿತು. ನಾಲ್ಕನೆಯ ಪುಸ್ತಕದಲ್ಲಿ ಅವನ ಸುಳಿವೇ ಇಲ್ಲ. ಪುಟ್ಟಿಯೇ ಅವನನ್ನು ನಡುಗಡ್ಡೆಯಲ್ಲಿಟ್ಟು ಬಲೆ ಹೆಣೆಸಿದಳು, ಕೆಮ್ಮು ಬರಿಸಿದಳು, ಜಗಳಗಂಟಿ ಕೋಳಿಯೊಂದನ್ನು ಸಾಕಿಸಿದಳು. ಅತ್ತಿಗೆ ಆ ಭಾಗವನ್ನೇ ಮತ್ತೆ ಮತ್ತೆ ಓದಿಸಿಕೊಳ್ಳುವಳು. ಲಾಂಡ್ರಿಯಲ್ಲಿ ಅಂಗಿ ಮಡಿಸುತ್ತ, ಇವತ್ತು ಕೋಳಿಯಿಂದ ಏನು ಮಾಡಿಸಲಿ ಎಂದು ಯೋಚಿಸಿ ಪುಟ್ಟಿ ತನ್ನಷ್ಟಕ್ಕೆ ನಗುವಳು. ನಕ್ಕ ಮರುಗಳಿಗೆಯೇ ಎದೆಯಲ್ಲಿ ಮುಳ್ಳಾಡಿದಂತಾಗುವುದು. ಕಥೆ ಹೇಳುವವರ ಬಾಯಲ್ಲಿ ದೇವರು ಕೂತು ಕೇಳಿಸಿಕೊಳ್ಳುತ್ತಾನೆ ಎಂದು ಅವಳಿಗೆ ಕಲಿಸಿದ್ದು ಇದೇ ಅತ್ತಿಗೆ.

ಇವತ್ತು ಗ್ರಂಥಾಲಯದಲ್ಲಿ ಧಾರಾವಾಹಿಯ ಅಭಿಮಾನಿಗಳ ಕೂಟ. ಪಕ್ಕದ ಮನೆಯಾಕೆ ಸುದ್ದಿ ಮುಟ್ಟಿಸಿದಾಗ ಅತ್ತಿಗೆ ಹೊರಟೇ ನಿಂತಳು; ಬೇಡವೆನ್ನಲು ಪುಟ್ಟಿಗೆ ನೆಪ ಸಿಗಲಿಲ್ಲ.

ಕೂಟದಲ್ಲಿ ಬಸ್ ಡ್ರೈವರ್ ಒಬ್ಬ ಮೇಜು ಗುದ್ದುತ್ತಿದ್ದ. "ಪುಸ್ತಕ ಬರೆದೋನು ಧಾರಾವಾಹೀನೇ ನೋಡಿಲ್ಲ ಕಣ್ರೀ! ನಮ್ಮ ರಾಣಿ ಹಾಗೆ ಅಳೋಳಾ?"

ರಾಣಿಯ ಹಾಗೆ ನೀಲಿ ನಿಲುವಂಗಿ ತೊಟ್ಟಿದ್ದ ಔಷಧಂಗಡಿಯಾಕೆ ಕೇಳಿದಳು, "ನಾಲ್ಕನೇದು ಓದಿದ್ರಾ ನೀವು?"

"ಬೈಯೋಕೆ ಓದಬೇಕಾ? ಮೂರು ಓದಿ ಕೈಮುಗಿದೆ. ನಾಲ್ಕನೇದಕ್ಕೆ ಮುಖಪುಟ ಸಾಕು!"

ಎಲ್ಲರೂ ನಗುವಾಗ ಅತ್ತಿಗೆ ಕೈಯೆತ್ತಿದಳು. "ಪುಸ್ತಕಾನ ಅಷ್ಟು ಹೀಗಳೀಬೇಡಿ. ದೋಣಿಗಾರ ನಡುಗಡ್ಡೇಲಿ ಕೋಳಿ ಸಾಕೋದನ್ನ ಎಷ್ಟು ಚೆನ್ನಾಗಿ ಬರೆದಿದ್ದಾರೆ! ಅದೊಂದಕ್ಕೇ ಮಿಕ್ಕಿದ್ದೆಲ್ಲ ಕ್ಷಮಿಸಬಹುದು."

ಎಲ್ಲರೂ ಅವಳತ್ತ ತಿರುಗಿದರು.

"ಯಾವ ದೋಣಿಗಾರ, ಅಮ್ಮ?" ಎಂದ ಡ್ರೈವರ್. "ಮೂರನೇ ಪುಸ್ತಕದಲ್ಲೇ ಮುಳುಗಿ ಹೋದನಲ್ಲ! ಕೋಳಿ ಎಲ್ಲಿಂದ ಬಂತು, ಈಜ್ಕೊಂಡಾ?"

ಕೋಣೆಯ ತುಂಬ ನಗು. ಎದ್ದು ನಿಂತು 'ತಪ್ಪು ನನ್ನದು' ಎನ್ನಲು ಪುಟ್ಟಿಗೆ ಒಂದು ಉಸಿರು ಸಾಕಿತ್ತು. ಅವಳು ಏಳಲಿಲ್ಲ. ತನ್ನ ತೋಳಿನ ಮೇಲಿದ್ದ ಅತ್ತಿಗೆಯ ಕೈ ಮೆಲ್ಲಗೆ ಜಾರಿದ್ದು ತಿಳಿಯಿತು.

"ಹೌದಾ," ಎಂದಳು ಅತ್ತಿಗೆ. "ವಯಸ್ಸಾಯ್ತಲ್ಲ. ನಾನೇ ಏನೋ ಕಲಸಿಕೊಂಡಿದ್ದೀನಿ."

ಮರಳುವಾಗ ಮಂಜು ಹರಿದು ಬಿಸಿಲು ಬಂದಿತ್ತು. ಅತ್ತಿಗೆ ತೋಳು ಹಿಡಿಯಲಿಲ್ಲ. ಗೋಡೆ ತಡವುತ್ತ ನಡೆದಳು. ಮನೆಯ ಬಾಗಿಲು ಹಾಕಿದ ಮೇಲೆ ಬಾಯಿಬಿಟ್ಟಳು.

"ಆಸ್ಪತ್ರೇಲೂ ಹೀಗೇ ಅಲ್ವಾ ಪುಟ್ಟಿ? 'ಅಣ್ಣ ಹುಷಾರಾಗ್ತಿದ್ದಾನೆ, ನೀವು ಮನೇಗೆ ಹೋಗಿ ಮಲಗಿ' ಅಂದೆ. ಮಲಗಿದೆ. ಎದ್ದಾಗ ಅವರಿರಲಿಲ್ಲ."

"ನಿಮಗೆ ನೋವಾಗುತ್ತೆ ಅಂತ, ಅತ್ತಿಗೆ..."

"ನೋವು ನನ್ನದಲ್ವೇನೇ? ಅದನ್ನ ನೀನ್ಯಾಕೆ ಇಟ್ಕೊಂಡೆ?"

ಪುಟ್ಟಿ ಕಪಾಟಿನಿಂದ ಮೂರನೆಯ ಪುಸ್ತಕ ತೆಗೆದು, ಅತ್ತಿಗೆಯ ಕಾಲ ಬಳಿ ನೆಲದ ಮೇಲೆ ಕೂತಳು. ಒಂದಕ್ಷರ ನುಂಗದೆ ಓದಿದಳು: ಹುಟ್ಟು ಕೈಜಾರಿದ್ದು, ದೋಣಿಗೆ ನೀರು ಏರಿದ್ದು, ಅವನು ಒಮ್ಮೆ ದಡದ ಕಡೆ ತಿರುಗಿ ನೋಡಿದ್ದು. ಹಲಗೆ ಬರಲಿಲ್ಲ. ಅತ್ತಿಗೆ ಮಡಿಲಲ್ಲಿ ಕೈಯಿಟ್ಟು ಕೇಳಿದಳು. ಕೆನ್ನೆ ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ.

ಪುಟ್ಟಿ ಪುಸ್ತಕ ಮುಚ್ಚಿದಳು. ಎದ್ದು ಹೋಗಬಹುದಿತ್ತು.

"ಅತ್ತಿಗೆ, ಇನ್ನೊಂದಿದೆ. ಅವತ್ತು ಅಣ್ಣ ಬಾಗಿಲ ಕಡೆ ನೋಡಿ, 'ಅವಳು ಬಂದಳಾ' ಅಂತ ಕೇಳಿದ. ಎರಡು ಸಲ ಕೇಳಿದ."

ಅತ್ತಿಗೆಯ ಕೈ ತಡಕಾಡಿ ಪುಟ್ಟಿಯ ತಲೆಯ ಮೇಲೆ ಬಂದು ನಿಂತಿತು. ಭಾರವಾಗಿತ್ತು.

"ನೀನೇನಂದೆ?"

"ಬರ್ತಿದ್ದಾರೆ ಅಂದೆ."