ಮೊಣಕೈ ಕೆಳಗಿನ ಕೈ

"ಇನ್ನೂ ಸ್ವಲ್ಪ ಮೇಲೆ," ಎಂದರು ಡಾಕ್ಟರಮ್ಮ.

ಸ್ಟೂಲಿನ ಮೇಲೆ ಕೂತಿದ್ದ ಸೀಲಿಂಗ್ ಮೇಸ್ತ್ರಿ ಬಲಗೈಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದ. ಕತ್ತಿನ ಹಿಂದೆ ಬೆವರು ಹರಿಯುತ್ತಿತ್ತು, ಮುಖದಲ್ಲಿ ಮಾತ್ರ ನೋವು ಕಾಣುತ್ತಿರಲಿಲ್ಲ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ, ಅವನು ಬಿಚ್ಚಿಕೊಟ್ಟ ಅಂಗಿಯನ್ನು ಮಡಿಲಲ್ಲಿ ಮುದ್ದೆ ಮಾಡಿ ಹಿಡಿದುಕೊಂಡಿದ್ದಳು. ಬಸ್ಸು ಹತ್ತುವ ಮುಂಚೆ ಒಂದು, ಆಸ್ಪತ್ರೆಯ ನಲ್ಲಿ ಹತ್ತಿರ ಇನ್ನೊಂದು, ಎರಡು ನೋವಿನ ಮಾತ್ರೆ ಅವನ ಹೊಟ್ಟೆ ಸೇರಿದ್ದವು. ಎರಡನೆಯದನ್ನು ನುಂಗಿ ಬಾಯಿ ಒರೆಸಿಕೊಂಡವನು, "ಜಾರಿದ ವಿಷಯ ಒಳಗೆ ಬಾಯಿ ಬಿಟ್ಟೆ ಅಂದ್ರೆ ನೋಡು," ಎಂದಿದ್ದ. ಬಿಡಲ್ಲ ಎಂದು ಅವಳು ಮಾತು ಕೊಟ್ಟಿದ್ದಳು.

ಡಾಕ್ಟರಮ್ಮನ ಮೇಜಿನ ಮೇಲೆ ಎರಡು ಲೋಹದ ಸಾಮಾನು ಇದ್ದವು. ಒಂದು ಹಿಂಡಿದ ಅರ್ಧ ನಿಂಬೆಹಣ್ಣಿನ ಸಿಪ್ಪೆಯಷ್ಟು ದೊಡ್ಡ ಟೋಪಿ, ಕನ್ನಡಿಯ ಹಾಗೆ ಹೊಳೆಯುವಂಥದ್ದು. ಇನ್ನೊಂದು, ಗೇಣುದ್ದದ ಕಡ್ಡಿಯ ತುದಿಗೆ ಕೂರಿಸಿದ ಗುಂಡು. ಹೋದ ಸಲ ಬಂದಾಗಲೇ ಅವರು ಎರಡನ್ನೂ ಅವನ ಅಂಗೈಗೆ ಕೊಟ್ಟು ವಿವರಿಸಿದ್ದರು. ಭುಜದ ಮೂಳೆಯ ತಲೆ ಸವೆದಿದೆ. ಅದನ್ನು ಕತ್ತರಿಸದೆ, ಮೇಲ್ಮೈಯನ್ನಷ್ಟೇ ಸ್ವಚ್ಛ ಮಾಡಿ ಈ ಟೋಪಿ ಕೂರಿಸಬಹುದು. ಇಲ್ಲವೇ ತಲೆಯನ್ನೇ ಕತ್ತರಿಸಿ ತೆಗೆದು, ಮೂಳೆಯ ಒಳಗೆ ಈ ಕಡ್ಡಿ ಇಳಿಸಿ, ಕೀಲನ್ನು ಪೂರ್ತಿ ಬದಲಾಯಿಸಬೇಕು.

"ಟೋಪಿ ಹಾಕಿದ್ರೆ ಕೆಲಸಕ್ಕೆ ಹೋಗಬಹುದಾ?" ಅವನು ಮೊದಲು ಕೇಳಿದ್ದೇ ಅದನ್ನು.

"ಆರು ತಿಂಗಳು ವ್ಯಾಯಾಮ ಸರಿಯಾಗಿ ಮಾಡಿದ್ರೆ ನೋಡಬಹುದು."

"ಪೂರ್ತಿ ಬದಲಾಯಿಸಿದ್ರೆ?"

"ಊಟ, ಸ್ನಾನ, ನಿದ್ದೆ ಎಲ್ಲಾ ಆರಾಮ. ಸೀಲಿಂಗಿಗೆ ಗಾರೆ ಮೆತ್ತೋದು ಮಾತ್ರ ಮರೆತುಬಿಡಿ."

"ಹಾಗಾದ್ರೆ ಗೋಡೆ ಕೆಡವೋದು ಬೇಡ. ಮೇಲೊಂದು ಸಾರಣೆ ಹೊಡೆದುಬಿಡಿ ಡಾಕ್ಟ್ರೇ," ಎಂದು ನಕ್ಕಿದ್ದ.

"ಒಳಗೆ ಗಟ್ಟಿ ಇದ್ರೆ ಮಾತ್ರ," ಎಂದು ಅವರೂ ನಕ್ಕಿದ್ದರು. ಭುಜದ ಸುತ್ತಲಿನ ಸ್ನಾಯುವಿನ ಹುರಿಗಳು ಹರಿದಿದ್ದರೆ ಟೋಪಿ ನಿಲ್ಲುವುದಿಲ್ಲ. ಸ್ಕ್ಯಾನಿನಲ್ಲಿ ಹುರಿ ಗಟ್ಟಿಯಾಗಿಯೇ ಇತ್ತು. ಆದರೆ ಆ ಸ್ಕ್ಯಾನ್ ಎಂಟು ತಿಂಗಳು ಹಳೆಯದು. ನಾಲ್ಕು ತಿಂಗಳ ಹಿಂದೆ ಒಂದು ಶಾಲೆಯ ಪಡಸಾಲೆಯಲ್ಲಿ ನಿಂತು ಕೆಲಸ ಮಾಡಲು ಕಟ್ಟಿದ ಸಾರುವೆಯ ಹಲಗೆ ಜಾರಿ, ಅವನು ಬಲಗೈಯಲ್ಲಿ ಕಂಬಿ ಹಿಡಿದು ನೇತಾಡಿದ್ದ. ಒದ್ದೆ ಬಟ್ಟೆ ಹರಿದಂಥ ಸದ್ದು ಕೆಳಗೆ ಗಾರೆ ಕಲಸುತ್ತಿದ್ದ ಅವಳಿಗೆ ಕೇಳಿಸಿತ್ತು. ಇಳಿದು ಬಂದವನು, "ಅಂಗಿ ಹರೀತು," ಎಂದ. ಅಂಗಿ ಎಲ್ಲೂ ಹರಿದಿರಲಿಲ್ಲ.

"ಈಗ ನಾನು ಕೆಳಗೆ ಒತ್ತುತ್ತೀನಿ, ನೀವು ಬಿಡಬಾರದು," ಎಂದರು ಡಾಕ್ಟರಮ್ಮ. ಒತ್ತಿದರು. ಅವನು ಸೊಂಟವನ್ನು ಒಂಚೂರು ತಿರುಗಿಸಿ, ಹಲ್ಲು ಕಚ್ಚಿ ತಡೆದ. ಅವರ ತುಟಿ ಮೆಚ್ಚಿಕೊಂಡ ಹಾಗೆ ಮುಂದೆ ಬಂತು. ಹೆಂಡತಿ ಉಸಿರು ಬಿಟ್ಟಳು.

ಧೈರ್ಯ ಬಂದ ಮೇಸ್ತ್ರಿ ತಲೆಯೆತ್ತಿ ನೋಡಿದ. "ಅಲ್ಲಾ ಡಾಕ್ಟ್ರೇ, ಆ ಮೂಲೇಲಿ ನಿಮ್ಮ ಸೀಲಿಂಗ್ ಹೊಟ್ಟೆ ಬಿಟ್ಟಿದೆಯಲ್ಲ, ಯಾರು ಮಾಡಿದ್ದು?"

"ನನಗೇನು ಗೊತ್ತು? ನೀವೇ ಬಂದು ಸರಿ ಮಾಡಿ."

"ಭುಜ ಕೊಡಿ, ಮಾಡ್ತೀನಿ."

ಮೂವರೂ ನಕ್ಕರು. ಡಾಕ್ಟರಮ್ಮ ಕಾಗದದ ಮೇಲೆ ಏನೋ ಬರೆಯಲು ಹೋದವರು ಪೆನ್ನು ಕೆಳಗಿಟ್ಟರು. "ಕಡೇದು ಒಂದು. ಕೈ ಪೂರ್ತಿ ಮೇಲೆ, ಕೆಲಸದಲ್ಲಿ ಹೇಗೆ ಹಿಡೀತೀರೋ ಹಾಗೆ. ಹತ್ತು ಎಣಿಸೋವರೆಗೂ ಇಳಿಸಬಾರದು."

ಮೇಸ್ತ್ರಿ ದೇಹವನ್ನು ಹಿಂದಕ್ಕೆ ಬಾಗಿಸಿ, ಒಂದು ಬೀಸಿನಲ್ಲಿ ಕೈಯನ್ನು ಮೇಲಕ್ಕೆ ಎಸೆದ. ಬೆರಳುಗಳು ಇಲ್ಲದ ಕರಣೆಯ ಹಿಡಿಯನ್ನು ಹಿಡಿದಂತೆ ತಾವಾಗಿ ಮಡಚಿಕೊಂಡವು.

"ಒಂದು. ಎರಡು. ಮೂರು."

ಕೈ ಅಲುಗದೆ ನಿಂತಿತ್ತು. ಹೆಂಡತಿ ಅಂಗಿಯ ಗುಂಡಿಗಳನ್ನು ನೋಡುತ್ತಿದ್ದಳು.

"ನಾಲ್ಕು. ಐದು."

ಅವನ ಮೂಗಿನ ಉಸಿರು ಕೇಳಿಸತೊಡಗಿತು. ಅವಳು ತಲೆಯೆತ್ತಿದಳು. ಮೊಣಕೈಯ ಕೆಳಗಿನ ಚರ್ಮ, ಗಾಳಿಗೆ ನೀರು ಅಲುಗುವ ಹಾಗೆ, ಸಣ್ಣಗೆ ಅಲುಗುತ್ತಿತ್ತು.

"ಆರು."

ಅಂಗಿ ನೆಲಕ್ಕೆ ಬಿತ್ತು.

"ಏಳು," ಎಂದ ಡಾಕ್ಟರಮ್ಮ ಅಲ್ಲಿಗೇ ನಿಲ್ಲಿಸಿದರು.

ತಾನು ಎದ್ದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳ ಬಲ ಅಂಗೈ ಗಂಡನ ಮೊಣಕೈಯ ಕೆಳಗೆ ಬಟ್ಟಲಿನಂತೆ ಕೂತಿತ್ತು. ಎಡಗೈ ಗಾರೆಯ ಬಾಂಡ್ಲಿ ಹಿಡಿದಂತೆ ಸೊಂಟದ ಹತ್ತಿರ ಮಡಚಿಕೊಂಡಿತ್ತು.

"ಅಮ್ಮಾ, ಕೈ ತೆಗೀರಿ," ಎಂದರು ಡಾಕ್ಟರಮ್ಮ ಮೆಲ್ಲಗೆ.

"ತೆಗೆದ್ರೆ ಬೀಳುತ್ತೆ," ಎಂದಳು.

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ತಿಳಿಯಿತು. ಗಂಡನ ಮುಖ ನೋಡಲಾಗದೆ ಕೈ ಹಿಂದಕ್ಕೆ ಎಳೆದುಕೊಂಡಳು. ಬಲಗೈ ಅವನ ತೊಡೆಯ ಮೇಲೆ ದೊಪ್ಪನೆ ಬಿತ್ತು.

"ಅವಳಿಗೆ ಅಭ್ಯಾಸ ಡಾಕ್ಟ್ರೇ. ಸುಮ್ನೆ ಏನೋ..." ಮೇಸ್ತ್ರಿ ನಗಲು ನೋಡಿದ.

"ಯಾವ ಅಭ್ಯಾಸ?"

ಅವಳೇ ಹೇಳಿದಳು. ಮೊದಲು ಸಾರುವೆ, ಹಲಗೆ, ಕಂಬಿ. ಆಮೇಲೆ ನಾಲ್ಕು ತಿಂಗಳಿಂದ ತಾನೂ ಮೇಲೆ ಹತ್ತಿ, ಒಂದು ಕೈಯಲ್ಲಿ ಬಾಂಡ್ಲಿ, ಇನ್ನೊಂದು ಕೈಯಲ್ಲಿ ಅವನ ಮೊಣಕೈ ಹಿಡಿದು ನಿಲ್ಲುವುದು. ಅವನು ಎಡಕ್ಕೆ ಸರಿದರೆ ತಾನೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. 'ಇಷ್ಟು ವರ್ಷ ಆದ್ರೂ ಗಂಡನ ಕೈ ಬಿಟ್ಟಿಲ್ಲವಲ್ಲಮ್ಮ' ಎಂದು ಮನೆ ಕಟ್ಟಿಸುವವರು ತಮಾಷೆ ಮಾಡುತ್ತಿದ್ದರು. ಅದನ್ನೂ ಹೇಳಿದಳು. ಮಾತ್ರೆಯ ವಿಷಯ ಕಡೆಗೆ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮುಂದಿನ ವಾರ ಆಪರೇಷನ್‌ನಲ್ಲಿ ಭುಜ ತೆರೆದ ಮೇಲೆ ನನಗೆ ಗೊತ್ತಾಗ್ತಿತ್ತು," ಎಂದರು. "ಆಗ ನಿಮ್ಮನ್ನ ಎಬ್ಬಿಸಿ ಕೇಳೋಕೂ ಆಗ್ತಿರಲಿಲ್ಲ. ಈಗಲೇ ಇನ್ನೊಂದು ಸ್ಕ್ಯಾನ್ ಮಾಡಿಸಿ. ಹುರಿ ಹರಿದಿದ್ರೆ ಕೀಲು ಪೂರ್ತಿ ಬದಲಾಯಿಸಬೇಕು, ಅದೂ ಹುರಿಯ ಬಲ ಬೇಡದ ಬೇರೆ ಥರದ್ದು."

"ಹರಿದಿಲ್ಲದೇನೂ ಇರಬಹುದಲ್ಲ?" ಎಂದ ಮೇಸ್ತ್ರಿ.

"ಇರಬಹುದು." ಅವರು ಹೊಳೆಯುವ ಟೋಪಿಯನ್ನು ತೆಗೆದು ಡ್ರಾಯರಿನೊಳಗೆ ಇಟ್ಟರು. ಕಡ್ಡಿ ಮೇಜಿನ ಮೇಲೆಯೇ ಉಳಿಯಿತು.

ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಒಂದಾಳಿನ ಜಾಗ ಬಿಟ್ಟು ಕೂತರು. ಅವನು ಅಂಗಿಯನ್ನು ಹೆಗಲ ಮೇಲೆ ಹೊದ್ದುಕೊಂಡಿದ್ದ.

"ಮೂರು ಎಣಿಕೆ," ಎಂದ ನೆಲ ನೋಡುತ್ತಾ. "ಇನ್ನು ಮೂರು ಎಣಿಕೆ ತಡ್ಕೊಳ್ಳೋಕೆ ಆಗ್ಲಿಲ್ವೇನೇ ನಿನಗೆ?"

"ನಿಮಗೆ ಆಗ್ತಿತ್ತಾ?"

ಅವನು ಅವಳ ಕಡೆ ತಿರುಗಿದ. ಕಣ್ಣು ಕೆಂಪಾಗಿದ್ದವು.

"ಇದೊಂದೇ ಬರೋದು ನನಗೆ. ಗೊತ್ತಲ್ಲ? ಕೆಳಗೆ ನಿಂತು ಗೋಡೆಗೆ ಮೆತ್ತೋರು ಬೀದಿಗೆ ಹತ್ತು ಜನ ಇದ್ದಾರೆ. ಸೀಲಿಂಗ್ ಅಂದ್ರೆ ನನ್ನ ಹುಡುಕಿಕೊಂಡು ಬರ್ತಾರೆ. ನಾಳೆಯಿಂದ ನನ್ನ ಏನಂತ ಕರೀತಾರೆ?"

"ಹಳೇ ಗಾರೇನ ಕರಣೆ ಹಿಡಿಯಿಂದ ತಟ್ಟಿ ನೋಡಿ, ಟೊಳ್ಳು ಅಂದ್ರೆ ಕೆಡವು ಅಂತೀರಿ. ಮನೆಯವರು ಗೋಗರೆದ್ರೂ ಕೇಳಲ್ಲ. ನಿಮ್ಮ ಭುಜಕ್ಕೆ ಬೇರೆ ಕಾನೂನಾ?"

ಅವನು ಹಲ್ಲಿನ ನಡುವೆ ಏನೋ ಗೊಣಗಿದ. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಹಸಿರು ನಿಲುವಂಗಿಯೊಂದನ್ನು ಚಾಚಿದಳು. "ಇದನ್ನ ಹಾಕ್ಕೊಳ್ಳಿ. ಬನಿಯನ್ನೂ ತೆಗೀಬೇಕು. ಜೊತೆಗೆ ಬೇಕಾದ್ರೆ ಅಮ್ಮ ಬರಲಿ."

"ಬೇಡ," ಎಂದು ಮೇಸ್ತ್ರಿ ಒಬ್ಬನೇ ಒಳಗೆ ಹೋದ. ಮನೆಯಲ್ಲೂ ಅಷ್ಟೇ, ನಾಲ್ಕು ತಿಂಗಳಿಂದ ಬಚ್ಚಲ ಬಾಗಿಲು ಹಾಕಿಕೊಂಡೇ ಬಟ್ಟೆ ಬಿಚ್ಚುತ್ತಿದ್ದ. ಅವಳು ಬೆಂಚಿನ ಮೇಲೆ ಕಿವಿಗೊಟ್ಟು ಕೂತಳು. ಪರದೆಯ ಉಂಗುರಗಳ ಸದ್ದು. ಗೋಡೆಗೆ ಏನೋ ತಾಗಿದ ಸದ್ದು. ಆಮೇಲೆ ಏನೂ ಇಲ್ಲ.

"ಲೇ," ಎಂದಿತು ಪರದೆಯ ಹಿಂದಿನಿಂದ ದನಿ.

ಅವಳು ಒಳಗೆ ಹೋದಳು. ಬನಿಯನ್ ಅವನ ಕುತ್ತಿಗೆಯ ಹತ್ತಿರ ಸುರುಳಿ ಸುತ್ತಿಕೊಂಡಿತ್ತು. ಎಡಗೈ ಹೊರಗೆ, ಬಲಗೈ ಒಳಗೇ ಸಿಕ್ಕಿಕೊಂಡಿತ್ತು. ಮುಖ ಬಟ್ಟೆಯೊಳಗಿತ್ತು. ಅವಳು ಹತ್ತಿರ ಹೋಗಿ ಅಂಗೈಯನ್ನು ಮೊಣಕೈಯ ಕೆಳಗೆ ಇಟ್ಟಳು. ಸಾರುವೆಯ ಮೇಲೆ ಅವನು ಸ್ವಲ್ಪವಾದರೂ ತನ್ನದೇ ಬಲ ಉಳಿಸಿಕೊಳ್ಳುತ್ತಿದ್ದ. ಎಷ್ಟು ಉಳಿಸಿಕೊಳ್ಳುತ್ತಿದ್ದನೆಂದು ಅವಳು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಈಗ ಅವನು ಬಿಟ್ಟುಬಿಟ್ಟ. ಕೈಯ ಭಾರವೆಲ್ಲ ಅವಳ ಅಂಗೈಗೆ ಇಳಿಯಿತು. ಅವಳು ಎಡಗೈಯನ್ನೂ ಕೊಟ್ಟು, ಕಾಲು ಅಗಲಿಸಿ ನಿಂತು, ಮೆಲ್ಲಗೆ ಮೇಲಕ್ಕೆ ಎತ್ತತೊಡಗಿದಳು.