ಮಸೂತಿ ಮಾಸ್ತರರ ಮೂರು ಶಿಕ್ಕಾ

ಹೂವಿನ ಹಿಪ್ಪರಗಿಯ ಶಾಲೆಯೊಂದರಲ್ಲಿ ಪಲ್ಲವಿ ಅತಿಥಿ ಶಿಕ್ಷಕಿ. ಶಾಲೆಯ ರಬ್ಬರ್ ಶಿಕ್ಕಾ ಸವೆದು, ಒತ್ತಿದರೆ ಊರಿನ ಹೆಸರೇ ಮೂಡುತ್ತಿರಲಿಲ್ಲ. ಹೊಸದು ಮಾಡಿಸಲು ಅವಳು ಬಸವನ ಬಾಗೇವಾಡಿಗೆ ಹೋದಳು.

ತಾಲೂಕು ಕಚೇರಿಯ ಹತ್ತಿರ ನಬಿಲಾಲರ ಡಬ್ಬಾ ಅಂಗಡಿ. ಈಗ ಯಂತ್ರ ಬಂದಿದೆ. ಮೊದಲು ಅವರು ರಬ್ಬರನ್ನು ಕೈಯಿಂದಲೇ ಕೆತ್ತುತ್ತಿದ್ದರು. ಶಿಕ್ಕಾ ತಯಾರಾಗುವವರೆಗೆ ಸುಮ್ಮನೆ ಕೂರಲಾಗದೆ ಪಲ್ಲವಿ ಅಲ್ಲಿದ್ದ ಹಳೆಯ ತಗಡಿನ ಡಬ್ಬಿಯಲ್ಲಿ ಕೈಯಾಡಿಸಿದಳು. ಯಾರೂ ಒಯ್ಯದೆ ಬಿಟ್ಟ ಶಿಕ್ಕಾಗಳು ಅವು. ಅದರಲ್ಲೊಂದು ಕಾಗದದ ಪೊಟ್ಟಣ ಬಿಚ್ಚಿದಾಗ ಮೂರು ಶಿಕ್ಕಾ ಸಿಕ್ಕವು. ಒಂದರಲ್ಲೂ ಅಕ್ಷರವಿಲ್ಲ. ಮೊದಲನೆಯದು ಬರೀ ದಪ್ಪ ಮಚ್ಚೆ. ಎರಡನೆಯದರಲ್ಲಿ ಹರಕು ಅಂಚಿನ ಐದು ಪಟ್ಟಿ. ಮೂರನೆಯದರಲ್ಲಿ ಕೂದಲಿನಷ್ಟು ತೆಳ್ಳನೆಯ ಗೆರೆಗಳು.

"ಚಾಚಾ, ಇವು ಯಾವ ಆಫೀಸಿನವ್ರಿ?"

"ಯಾವ ಆಫೀಸಿನವೂ ಅಲ್ಲ ಟೀಚರ. ಮಸೂತಿ ಊರಿನ ಸಾಲಿ ಮಾಸ್ತರು ಮಾಡಾಕ ಕೊಟ್ಟಿದ್ರು. ಕಾಗದದ ಮ್ಯಾಲ ಹೆಸರೈತಿ ನೋಡ್ರಿ, ಮಾನಪ್ಪ. ಹನ್ನೆರಡು ವರ್ಷ ಆತು, ಒಯ್ಯಾಕ ಬರಲೇ ಇಲ್ಲ."

"ಇವನ್ನ ತಗೊಂಡು ಏನ್ ಮಾಡ್ತಿದ್ರು?"

"ನನಗೂ ಗೊತ್ತಾಗ್ಲಿಲ್ಲ. ಬರದು ಕೊಟ್ಟಂಗ ಕೆತ್ತಿದೆ. ಆ ಗೆರಿ ಕೆತ್ತೂದ್ರಾಗ ಕಣ್ಣು ಕಿತ್ತು ಬಂದ್ವು. ಒಯ್ರಿ ಬೇಕಾದ್ರ. ಏನರ ತಿಳದ್ರ ನನಗೂ ಹೇಳ್ರಿ."

ಸಂಜೆ ಬಾಡಿಗೆ ಕೋಣೆಗೆ ಬಂದವಳೇ ಪಲ್ಲವಿ ನೇರಳೆ ಶಾಯಿಯ ಪ್ಯಾಡು ಮುಂದಿಟ್ಟುಕೊಂಡು ಕುಳಿತಳು. ಬೇರೆ ಬೇರೆಯಾಗಿ ಒತ್ತಿದರೆ ಮೂರೂ ಅರ್ಥವಿಲ್ಲದ ಗುರುತುಗಳು. ಒಂದರ ಮೇಲೊಂದು ಒತ್ತಿದರೆ ಎಲ್ಲ ಕಲಸಿ ಕಪ್ಪು ಗುಡ್ಡೆ. ಬೇಜಾರಾಗಿ, ಶಾಯಿ ಹಚ್ಚದೆಯೇ ಮೊದಲನೆಯದನ್ನು ಇನ್ನೊಮ್ಮೆ ಒತ್ತಿದಳು. ಮಚ್ಚೆ ತಿಳಿಯಾಗಿ, ನೆರಳಿನ ಹಾಗೆ ಮೂಡಿತು. ಅವಳ ಕೈ ಅಲ್ಲೇ ನಿಂತಿತು. ತಿಳಿ ಬಣ್ಣ ಕೆಳಗೆ, ಗಾಢ ಬಣ್ಣ ಮೇಲೆ ಬರಬೇಕೇನೋ?

ಮೊದಲನೆಯದನ್ನು ಹಳೆಯ ಪೇಪರಿನ ಮೇಲೊಮ್ಮೆ ಒತ್ತಿ, ಉಳಿದ ಶಾಯಿಯಲ್ಲಿ ಹಾಳೆಗೆ ಒತ್ತಿದಳು. ಎರಡನೆಯದನ್ನು ಅದರ ಮೇಲೆ ಇಟ್ಟಳು. ಆದರೆ ಪಟ್ಟಿಗಳು ಮಚ್ಚೆಯ ಹೊರಗೆ ಹೋದವು. ತಿರುಗಿಸಿ ಒತ್ತಿದರೆ ಇನ್ನೊಂದು ಕಡೆ ಹೋದವು. ಹಿಡಿಕೆಗಳನ್ನು ದೀಪಕ್ಕೆ ಹಿಡಿದು ನೋಡಿದಾಗ ಮೂರಕ್ಕೂ ಒಂದೊಂದು ಬದಿಯಲ್ಲಿ ಸಣ್ಣ ಮೊಳೆಯ ಗುರುತು ಕಂಡಿತು. ಗುರುತನ್ನು ಮೇಲ್ಮುಖವಾಗಿ ಹಿಡಿದು ಮೂರನ್ನೂ ಒಂದಾದ ಮೇಲೊಂದು ಒತ್ತಿದಳು. ಕೊನೆಯ ಶಿಕ್ಕಾ ಎತ್ತಿದಾಗ ಕಾಗದದ ಮೇಲೆ ಹೂವಿತ್ತು. ಎಸಳಿಗೆ ನೆರಳು, ನೆರಳಿನ ಮೇಲೆ ನರ, ನಡುವೆ ಆಳ. ಮುಟ್ಟಿದರೆ ಬೆರಳು ಒಳಗೆ ಹೋದೀತು ಅನ್ನಿಸುವಂತೆ.

ಇದು ದಾಸವಾಳ ಎಂದುಕೊಂಡು ಮರುದಿನ ಕೆಂಪು ಪ್ಯಾಡು ತಂದಳು. ದಪ್ಪ ಡ್ರಾಯಿಂಗ್ ಹಾಳೆ ಮಡಚಿ ಅದರ ಮೇಲೊಂದು ಹೂ ಒತ್ತಿದಳು. ಇನ್ನೊಂದು ಹಾಳೆಯಲ್ಲಿ ಒತ್ತಿದ ಹೂವನ್ನು ಕತ್ತರಿಸಿ, ಎಸಳು ಸ್ವಲ್ಪ ಬಾಗಿಸಿ, ಕೆಳಗೆ ರಟ್ಟಿನ ಚೂರಿಟ್ಟು ಮೊದಲ ಹೂವಿನ ಮೇಲೆ ಅಂಟಿಸಿದಳು. ಹೂ ಕಾಗದದಿಂದ ಎದ್ದು ನಿಂತಿತು. ಕೈಯಲ್ಲೊಂದು ಶುಭಾಶಯ ಪತ್ರ. ಕೊಡಲು ಮಾತ್ರ ಯಾರೂ ಇರಲಿಲ್ಲ. ಇಷ್ಟೆಲ್ಲ ಯೋಚಿಸಿದ ಆ ಮಾಸ್ತರರು ಯಾಕೆ ಒಯ್ಯಲಿಲ್ಲ ಎಂಬುದೇ ತಲೆಯಲ್ಲಿ ಕೊರೆಯತೊಡಗಿತು.

ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಮಾನಪ್ಪ ಮಾಸ್ತರರು ನಿವೃತ್ತರಾಗಿ ಇಂಡಿ ಪಟ್ಟಣದಲ್ಲಿದ್ದಾರೆಂದು ತಿಳಿಯಿತು, ನಂಬರೂ ಸಿಕ್ಕಿತು. ಫೋನು ಮಾಡಿ ಶಿಕ್ಕಾದ ಮಾತೆತ್ತಿದಳು. "ಅದು ಹಳೀ ಕಥಿ, ಬಿಡ್ರಿ ಟೀಚರ" ಎಂದರು ಮಾಸ್ತರರು. ಬಿಡ್ರಿ ಅಂದದ್ದೇ ತಪ್ಪಾಯಿತು. ಭಾನುವಾರ ಪಲ್ಲವಿ ಇಂಡಿಯ ಬಸ್ಸು ಹತ್ತಿದಳು.

ಮಾಸ್ತರರು ಬಾಗಿಲಲ್ಲಿ ಅವಳನ್ನು ನೋಡಿ ಬೆವರೊರೆಸಿಕೊಂಡರು. ಒಳಗೆ ಕೂಡಿಸಿದರು. ಅವಳು ಚೀಲದಿಂದ ಆ ಶುಭಾಶಯ ಪತ್ರ ತೆಗೆದುಕೊಟ್ಟಳು.

"ಹೂವು ಎಷ್ಟು ಚಂದ ಬರದೀರಿ ಸರ್. ಮೂರು ಪದರ ಮಾಡೂ ವಿಚಾರ ಹೆಂಗ ಹೊಳೀತ್ರಿ?"

ಮಾಸ್ತರರು ದನಿ ತಗ್ಗಿಸಿದರು. "ನಾ ಬರದಿಲ್ರಿ. ನಾ ಒಯ್ದು ಕೊಟ್ಟಾಂವ ಅಷ್ಟ. ಬರದಾಕಿ..."

ಅಷ್ಟರಲ್ಲಿ ಚಹಾದ ಕಪ್ಪು ಹಿಡಿದು ಅವರ ಹೆಂಡತಿ ಸುವರ್ಣಾ ಬಂದರು. ಅರವತ್ತರ ಹತ್ತಿರದ ಹೆಂಗಸು. ಮಾಸ್ತರರ ಕೈಯಲ್ಲಿದ್ದ ಪತ್ರ ಕಂಡು ಕಪ್ಪು ನೆಲಕ್ಕಿಟ್ಟರು. ಅದನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನನ್ನ ಹೂವು" ಎಂದರು. ಆಮೇಲೆ ಗಂಡನ ಕಡೆ ತಿರುಗಿ, "ಶಿಕ್ಕಾ ಮಾಡಾಂವಗ ಇದನ್ನ ಕೆತ್ತಾಕ ಬರೂದಿಲ್ಲ ಅಂತ ಹೇಳಿದ್ರಲ್ಲ?"

ಮಾಸ್ತರರು ಚಾಪೆಯ ಅಂಚು ಕೀಳುತ್ತಾ ಕುಳಿತರು. "ಆವಾಗ ನನಗ ಬ್ಯಾರೆ ಊರಿಗೆ ಬದ್ಲಿ ಆತು. ಸಾಮಾನು ಸಾಗಸೂದ್ರಾಗ ಮರತೆ. ನೆನಪಾಗೂದ್ರಾಗ ಆರು ತಿಂಗಳಾಗಿತ್ತು. ನೀ ದಿನಾ ಕೇಳ್ತಿದ್ದಿ. ಏನ್ ಹೇಳಬೇಕಂತ ತಿಳೀಲಿಲ್ಲ."

"ಅದಕ್ಕ ಸುಳ್ಳು ಹೇಳಿದ್ರಿ. ನಾ ಬರದದ್ದ ತಪ್ಪೈತಿ ಅಂತ ತಿಳಕೊಂಡೆ. ಮತ್ತ ಪೆನ್ಸಿಲ್ ಮುಟ್ಟಲಿಲ್ಲ."

ಬರಬಾರದಿತ್ತೇನೋ ಎಂದು ಪಲ್ಲವಿಗೆ ಅನ್ನಿಸಿತು. ಆದರೆ ಸುವರ್ಣಾ ಮತ್ತೆ ಪತ್ರದ ಕಡೆ ನೋಡಿದರು. ಉಗುರಿನಿಂದ ಎಸಳನ್ನು ಮೆಲ್ಲಗೆ ಎತ್ತಿದರು.

"ಇದನ್ನ ಎಬ್ಬಿಸಿ ನಿಂದರಿಸಿದ್ದು ನನಗ ಹೊಳದಿರಲಿಲ್ಲ ನೋಡು. ಬಣ್ಣ ಮಾತ್ರ ತಪ್ಪೈತಿ. ಯಾವ ಹೂವು ಅಂತ ಮಾಡೀದಿ ತಂಗಿ?"

"ದಾಸವಾಳ ಅಲ್ರಿ ಕಾಕು?"

ಸುವರ್ಣಾ ನಕ್ಕುಬಿಟ್ಟರು. "ಹತ್ತಿ ಹೂವು! ಅರಳಿದ ದಿನ ಬೆಣ್ಣಿಯಂಗ ಇರ್ತೈತಿ, ಮರುದಿನ ಗುಲಾಬಿ ಆಕ್ಕೈತಿ. ಲಗ್ನಾಗೂಮಟಾ ಹತ್ತಿ ಹೊಲದಾಗ ದುಡದಾಕಿ ನಾ. ಒಮ್ಮೆ ಇವ್ರು ಒಂದು ಗ್ರೀಟಿಂಗ್ ತಂದಿದ್ರು. ಬಣ್ಣದ ಮ್ಯಾಲ ಬಣ್ಣ ಹೆಂಗ ಕುಂತಾವು ಅಂತ ಅದನ್ನ ನೀರಾಗ ನೆನಸಿ, ಸೂಜೀಲೆ ಕೆರದು ನೋಡಿದೆ. ಆಮ್ಯಾಲ ಇದನ್ನ ಬರದೆ." ಪತ್ರದ ಮಡಿಕೆ ಬಿಚ್ಚಿ ನೋಡಿ ಕೇಳಿದರು: "ನೀ ಇದನ್ನ ಯಾರಿಗೆ ಮಾಡೀದಿ?"

"ಯಾರಿಗೂ ಅಲ್ರಿ. ಹೆಂಗ ಬರ್ತೈತಿ ನೋಡೂಣು ಅಂತ."

"ನಾನೂ ಅಷ್ಟಕ್ಕ ಬರದದ್ದು" ಎಂದು ಸುವರ್ಣಾ ಅವಳ ಪಕ್ಕದಲ್ಲೇ ಕುಳಿತರು. "ಶಿಕ್ಕಾ ತಂದೀಯೇನು?"

ತಂದಿದ್ದಳು. ಸುವರ್ಣಾ ಪ್ಯಾಡು ಬೇಡವೆಂದು ಅರಿಷಿಣಕ್ಕೆ ನಾಲ್ಕು ಹನಿ ನೀರು ಹಾಕಿ ಅರಿವೆಯ ಮೇಲೆ ಹರಡಿದರು. ಮೊದಲ ಪದರು ಹಳದಿಯಾಗಿ ಬಂತು. ನಡುವಿನದಕ್ಕೆ ಕುಂಕುಮ ಕಲಸಿದರೆ ಕಾಗದವೆಲ್ಲ ಒದ್ದೆಯಾಗಿ ಹರಡಿತು. ಪಲ್ಲವಿ ಕೆಂಪು ಪ್ಯಾಡನ್ನು ಮುಂದೆ ಸರಿಸಿದಳು. ಒಂದು ಹಾಳೆ ಕೆಟ್ಟಿತು, ಎರಡು ಕೆಟ್ಟವು. ಕತ್ತರಿಸುವ ಕೆಲಸ ಮಾಸ್ತರರ ಪಾಲಿಗೆ ಬಂತು.

"ಗೆರಿ ಬಿಟ್ಟು ಹೊರಗ ಕತ್ತರಸ್ರಿ, ಎಸಳು ಕಡೀಬ್ಯಾಡ್ರಿ" ಎಂದು ಸುವರ್ಣಾ ಗದರುತ್ತಿದ್ದರು. ಮಾಸ್ತರರು ಹಾಳೆ ತಿರುಗಿಸುತ್ತಾ ಗೆರೆಯ ಹೊರಗೇ ಕತ್ತರಿಸುತ್ತಿದ್ದರು. ಎಂಟನೆಯ ಹಾಳೆಯಲ್ಲಿ ಬೆಣ್ಣೆ ಬಣ್ಣದ್ದೊಂದು, ಗುಲಾಬಿಯದ್ದೊಂದು, ಎರಡು ಹತ್ತಿ ಹೂಗಳು ಪೆನ್ಸಿಲಿನಲ್ಲಿ ಎಳೆದ ಒಂದೇ ಟೊಂಗೆಯಲ್ಲಿ ಎದ್ದು ನಿಂತವು. ಸುವರ್ಣಾ ಅದನ್ನು ಕನ್ನಡಿಯ ಪಕ್ಕದಲ್ಲಿ ನಿಲ್ಲಿಸಿ, ದೂರ ಸರಿದು ತಲೆ ಓರೆ ಮಾಡಿ ನೋಡಿದರು.

ಶಿಕ್ಕಾಗಳನ್ನು ಅಲ್ಲೇ ಬಿಟ್ಟು ಪಲ್ಲವಿ ಸಂಜೆಯ ಬಸ್ಸಿಗೆ ಹೊರಟಳು. ಸುವರ್ಣಾ ನಿಲ್ದಾಣದವರೆಗೆ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಕೇಳಿದರು:

"ತಂಗಿ, ಕುಸುಬಿ ಹೂವಿಗೆ ಎಷ್ಟು ಶಿಕ್ಕಾ ಬೇಕಾಗ್ತಾವು?"

"ನಾಕು ಬೇಕಾಗ್ತಾವೇನ್ರಿ?"

"ಮುಳ್ಳಿಗೆ ಬ್ಯಾರೆ ಬ್ಯಾಡೇನು?"

ಅಷ್ಟರಲ್ಲಿ ಬಸ್ಸು ಹೊರಟಿತು. ಪಲ್ಲವಿ ಕಿಟಕಿಯಿಂದ ಕೈ ಹೊರಗೆ ಹಾಕಿ ಐದೂ ಬೆರಳು ತೋರಿಸಿದಳು.