ಎಲೀಯನ ಕಾಗೆಗಳು

ನನ್ನಪ್ಪ ತುಕಾರಾಮ ತೀರಿಕೊಂಡದ್ದು ಎಂಬತ್ತೊಂಬತ್ತರ ಮಾರ್ಚಿನಲ್ಲಿ, ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ. ಮೂರನೆಯ ದಿನ ಅವನ ಅಕ್ಕ, ಅಂದರೆ ನನ್ನ ಅಕ್ಕವ್ವ ಅತ್ತೆ, ಕಬ್ಬೂರಿನಿಂದ ಬಸ್ಸು ಹಿಡಿದು ಕಾಗವಾಡಕ್ಕೆ ಬಂದಳು. ಕೈಯಲ್ಲೊಂದು ಗಂಟು, ಅದರಲ್ಲಿ ಜೋಳದ ಭಕ್ರಿ, ಬದನೆಕಾಯಿ ಪಲ್ಯ, ಮೊಸರನ್ನ. ತಮ್ಮನ ಗೋರಿಯ ಹತ್ತಿರ ಎಡೆ ಇಡಬೇಕಂತೆ. ಕಾಗೆ ಮುಟ್ಟಿದರೆ ಸತ್ತವನ ಮನಸ್ಸು ತಣ್ಣಗಿದೆ ಎಂದರ್ಥ, ಮುಟ್ಟದಿದ್ದರೆ ಏನೋ ಉಳಿದಿದೆ ಎಂದರ್ಥ.

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪ ಮಿರಜದ ಮಿಶನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದಾಗ ಕ್ರೈಸ್ತನಾದ. ಅಂದಿನಿಂದ ಮೂವತ್ತೊಂದು ವರ್ಷ ಈ ಅತ್ತೆ ಮೈಲಿಗೆಯೆಂದು ನಮ್ಮ ಮನೆಯಲ್ಲಿ ಒಂದು ಗುಟುಕು ನೀರು ಕುಡಿದವಳಲ್ಲ. ಬರುತ್ತಿದ್ದಳು, ಕಟ್ಟೆಯ ಮೇಲೆ ಕೂತು ಅಕ್ಕರೆಯಿಂದ ನನ್ನ ತಲೆ ಬಾಚುತ್ತಿದ್ದಳು, ತನ್ನ ಬುತ್ತಿ ತಾನೇ ಉಂಡು ಹೋಗುತ್ತಿದ್ದಳು. ಅಪ್ಪ ಪ್ರತಿ ಸಲ ಒಳಗೆ ಅವಳಿಗೆ ಊಟದ ತಾಟು ಹಚ್ಚಿ ಕಾಯುತ್ತಿದ್ದ. ಈಗ ಮಹಾತಾಯಿ ಕಾಗೆಯ ಕೈಲಿ ರಾಜಿ ಮಾಡಿಸಲು ಬಂದಿದ್ದಾಳೆ! ಆದರೂ ಅವಳ ಮುಖ ನೋಡಿ ಬೇಡ ಎನ್ನಲು ಬಾಯಿ ಬರಲಿಲ್ಲ. ಪಾಸ್ಟರರು ಕಂಡರೆ ಬೈದಾರೆಂದು ಸ್ಮಶಾನದ ಗೋಡೆಯ ಹೊರಗೆ ಎಡೆ ಇಡಿಸಿದೆ.

ಕಾಗೆ ಬರಲಿಲ್ಲ. ಪಕ್ಕದ ದ್ರಾಕ್ಷಿ ತೋಟದಲ್ಲಿ ಧರೆಪ್ಪ ಹಕ್ಕಿ ಓಡಿಸಲು ಡಬ್ಬಿ ಬಡಿಯುತ್ತಿದ್ದ. ಆ ಸದ್ದಿಗೆ ಆನೆ ಬಂದಿದ್ದರೂ ಓಡಿಹೋಗುತ್ತಿತ್ತು. ಅದನ್ನು ಹೇಳಿದರೆ ಅತ್ತೆ ಕೇಳಲೊಲ್ಲಳು. ತಮ್ಮನೇ ತಡೆಯುತ್ತಿದ್ದಾನೆ ಎಂದು ಅವಳ ಹಟ. ಒಂದೊಂದಾಗಿ ಅವನಿಗೆ ಮಾತು ಕೊಡತೊಡಗಿದಳು. ನಿನ್ನ ಮಗಳನ್ನು ಕೈಬಿಡುವುದಿಲ್ಲ, ಗೋರಿಗೆ ಕಲ್ಲು ಹಾಕಿಸುತ್ತೇನೆ, ವರ್ಷ ವರ್ಷ ಬರುತ್ತೇನೆ. ಬಿಸಿಲು ಏರಿತು. ಕಡೆಗೆ ಮಣ್ಣಿನಲ್ಲೇ ಕೂತುಬಿಟ್ಟಳು.

“ನನ್ನ ಮ್ಯಾಲ ಸಿಟ್ಟ ಇಟಗೊಂಡ ಹ್ವಾದನಲ್ಲಬೇ ನಮ್ಮ ತುಕ್ಯಾ,” ಎಂದಳು.

ಅಯ್ಯೋ ಅನ್ನಿಸಿತು. ಅವಳ ಪಕ್ಕದಲ್ಲಿ ಕೂತು, ಅಪ್ಪ ನನಗೆ ಹೇಳುತ್ತಿದ್ದ ಎಲೀಯನ ಕಥೆ ಹೇಳಿದೆ. ಎಲೀಯ ಬೈಬಲಿನ ಪ್ರವಾದಿ. ರಾಜನ ಕಣ್ಣು ತಪ್ಪಿಸಿ ಒಂದು ಹಳ್ಳದ ದಂಡೆಯಲ್ಲಿ ಅಡಗಿದ್ದ. ನಮ್ಮ ಶಾಸ್ತ್ರದಲ್ಲೂ ಕಾಗೆ ಮೈಲಿಗೆಯ ಹಕ್ಕಿಯೇ. ಆದರೂ ದೇವರು ಅವುಗಳ ಕೈಲೇ ಅವನಿಗೆ ಎರಡೂ ಹೊತ್ತು ಊಟ ಕಳಿಸಿದ. ಎಲೀಯ ಯಾರು ಮುಟ್ಟಿದ್ದು ಎಂದು ಕೇಳಲಿಲ್ಲ, ಉಂಡ. ದೇವರ ಅಕ್ಕರೆ ಯಾರ ಕೈಲಾದರೂ ಬರುತ್ತದೆ ಎನ್ನುವುದಕ್ಕೆ ಆ ಕಾಗೆಯೇ ಗುರುತು ಎನ್ನುತ್ತಿದ್ದ ಅಪ್ಪ.

“ನಮ್ಮಲ್ಲಿ ಕಾಗಿ ಉಣ್ಣಾಕ ಬರೂದಿಲ್ಲತ್ತಿ, ಉಣಸಾಕ ಬರತೈತಿ,” ಎಂದೆ. “ಅಪ್ಪಗ ಸಿಟ್ಟ ಇರಲಿಲ್ಲ. ಅಕ್ಕ ಒಂದ ತುತ್ತ ಉಣ್ಣಲಿ ಅನ್ನೂದಷ್ಟ ಇತ್ತ.”

ಅತ್ತೆ ಎಡೆಯನ್ನು ಅಲ್ಲೇ ಬಿಟ್ಟು ಎದ್ದು ನಮ್ಮ ಮನೆಯ ಕಡೆ ನಡೆದಳು. ಕಟ್ಟೆಯ ಹತ್ತಿರ ನಿಲ್ಲಲಿಲ್ಲ. ನೇರ ಒಳಗೆ ಬಂದು ಅಡುಗೆಮನೆಯಲ್ಲಿ ಕೂತಳು. ಮನೆಯಲ್ಲಿ ಇದ್ದದ್ದು ಆರಿದ ಅನ್ನ, ಬೇಳೆ ಸಾರು. ಅದನ್ನೇ ಬಡಿಸಿದೆ. ಮೊದಲ ತುತ್ತು ನುಂಗಲಾರದೆ ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ತಾಟು ಬಳಿದು ಉಂಡಳು.

“ಉಂಡ್ನೆಪಾ ತುಕ್ಯಾ,” ಎಂದಳು. “ನೀ ಬಡಸೂಮುಂದ ಉಣ್ಣಲಿಲ್ಲ.”